ಒಂದನೇ ನಂಬರಿನ ಚಪ್ಪಲಿ

ನನಗೆ ನಡೆಯಲು ಕಲಿಸಿ, ಕಡೆಗೆ ನನ್ನಿಂದಲೇ ದಾರಿ ಕಳೆದುಕೊಂಡ ಅಕ್ಕನಿಗೆ,

ಮೊದಲು ಖರ್ಚಿನ ಬಾಬ್ತು ಹೇಳಿಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಏಳಡಿ ಎತ್ತರದ ಕಬ್ಬಿಣದ ಗೇಟು ಒಂದು. ಬೀಗ ಮೂರು, ಮೊದಲಿನ ಎರಡನ್ನು ಉಪ್ಪುಗಾಳಿ ತಿಂದಿತು. ವೆಲ್ಡರನ ಕೂಲಿ ಎರಡು ಸಲ, ಗೇಟು ಹಾಕಿದ್ದಕ್ಕೊಮ್ಮೆ, ಕಿತ್ತದ್ದಕ್ಕೊಮ್ಮೆ. ವಕೀಲರ ಫೀಸು ಒಂಬತ್ತು ಭೇಟಿಯದು, ಅದರಲ್ಲಿ ಎರಡು ಭೇಟಿ ಅವರ ಸಕ್ಕರೆ ಕಾಯಿಲೆಯ ವಿಚಾರದಲ್ಲೇ ಮುಗಿದವು. ‘ಸ್ವಂತ ಬೀಚ್ ಇರುವ ವಸತಿಗೃಹ’ ಎಂದು ಬರೆಸಿದ ಬೋರ್ಡು ಒಂದು. ಅದೀಗ ಹಿತ್ತಲಿನ ಕೋಳಿಗೂಡಿನ ಮೇಲಿನ ಮಾಡು. ಇಷ್ಟು ನನ್ನ ಕಡೆಯದು. ನಿನ್ನ ಕಡೆಯದು: ಹದಿನಾಲ್ಕು ತಿಂಗಳು, ಅಂದರೆ ನಾನೂರು ಚಿಲ್ಲರೆ ಬೆಳಗು, ನೀರಿಗಿಳಿಯದೆ ಹೋದವು. ಎಡಮೊಣಕಾಲು ಮತ್ತೆ ಬಿಗಿಯಿತು. ಒಂದು ಜೊತೆ ಚಪ್ಪಲಿ ಹೋಯಿತು. ನನಗೊಬ್ಬ ತಮ್ಮ ಇದ್ದಾನೆ ಎಂದು ಹೇಳಿಕೊಳ್ಳುವುದನ್ನೂ ನೀನು ಬಿಟ್ಟೆಯೆಂದು ನಿನ್ನ ಮಗಳು ಹೇಳಿದಳು. ಅದನ್ನು ಯಾವ ಸಾಲಿನಲ್ಲಿ ಬರೆಯಬೇಕೋ ತಿಳಿಯದೆ ಖಾಲಿ ಬಿಟ್ಟಿದ್ದೇನೆ.

ಎರಡು ಬೀದಿ ಆಚೆ ಇರುವವಳಿಗೆ ಕಾಗದ ಬರೆಯುವುದೇಕೆ ಎಂದು ನೀನು ಕೇಳುತ್ತೀ. ಬಾಯಿ ತೆಗೆದರೆ ನಾನು ಗೆದ್ದುಬಿಡುತ್ತೇನೆ, ಅದಕ್ಕೆ. ಮೂರು ದಿನದಿಂದ ನಿನ್ನ ಮನೆಯ ತಿರುವಿನವರೆಗೆ ಬಂದು ವಾಪಸಾಗಿದ್ದೇನೆ. ಏನು ಹೇಳಬೇಕೆಂದು ನಡೆಯುತ್ತಾ ಅಭ್ಯಾಸ ಮಾಡುತ್ತೇನೆ. ತಿರುವು ಬರುವಷ್ಟರಲ್ಲಿ ಆ ಮಾತಿನಲ್ಲಿ ತಪ್ಪು ನಿನ್ನದೇ ಆಗಿರುತ್ತದೆ, ಕ್ಷಮಿಸುವವನು ನಾನಾಗಿರುತ್ತೇನೆ. ಇಷ್ಟು ವರ್ಷ ಗಿರಾಕಿಗಳ ಹತ್ತಿರ ತಿಕ್ಕಿ ತಿಕ್ಕಿ ಹೊಳಪು ಬಂದ ನಾಲಿಗೆ ಇದು, ಒಡೆಯನ ಮಾತನ್ನೇ ಕೇಳುವುದಿಲ್ಲ. ಕಾಗದದ ಮೇಲಾದರೆ ಸ್ವಲ್ಪ ಕುಂಟುತ್ತದೆ. ಕುಂಟಲಿ.

ಓಣಿಯ ವಿಷಯಕ್ಕೆ ಬರುತ್ತೇನೆ. ಎಂಟಡಿ ಅಗಲ, ನೂರಾ ಹತ್ತು ಹೆಜ್ಜೆ ಉದ್ದ. ಒಂದು ಮಗ್ಗುಲಲ್ಲಿ ಮಂಜುಗಡ್ಡೆ ಕಾರ್ಖಾನೆಯ ಗೋಡೆ, ಇನ್ನೊಂದು ಮಗ್ಗುಲಲ್ಲಿ ಉಪ್ಪಿನ ಗೋದಾಮಿನದು. ಈ ತುದಿಯಲ್ಲಿ ಊರು, ಆ ತುದಿಯಲ್ಲಿ ಸಮುದ್ರ. ಆ ಕಾರ್ಖಾನೆಯಿಂದ ನನ್ನನ್ನು ಹೊರಹಾಕಿದಾಗ ನನಗೆ ಇಪ್ಪತ್ತು. ಮೇಸ್ತ್ರಿಗೆ ಎದುರು ಮಾತಾಡಿದೆ ಎಂಬುದು ಕಾರಣ. ಬೇರೆ ಯಾವ ಕಾರಣಕ್ಕೆ ತಾನೇ ನನ್ನನ್ನು ಯಾರಾದರೂ ಹೊರಹಾಕಿಯಾರು. ಅಮ್ಮ ಹೋಗಿ ವರ್ಷವಾಗಿತ್ತು. ನೀನು ಮೀನು ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ದುಡಿದು ಇಬ್ಬರ ಹೊಟ್ಟೆ ಹೊರೆಯುತ್ತಿದ್ದೆ. ನಾನು ದಿನವಿಡೀ ಓಣಿಯ ಬಾಯಲ್ಲಿ ಕುಳಿತು, ನನಗಾದ ಅನ್ಯಾಯವನ್ನು ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದೆ. ಒಂದು ಸಂಜೆ ನೀನು ಬಂದು ನನ್ನ ಪಕ್ಕದಲ್ಲಿ ಕುಳಿತು, ಮರಳಿಗೆ ಹೋಗುವವರ ಕಾಲುಗಳನ್ನೇ ನೋಡುತ್ತಿದ್ದೆ. ಎಲ್ಲರೂ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಎಲ್ಲಿಡುವುದೆಂದು ಸುತ್ತ ನೋಡುತ್ತಿದ್ದರು.

“ಹೇಗೂ ಇಲ್ಲೇ ಕೂತಿರ್ತೀಯ,” ಎಂದೆ ನೀನು. “ಅವರ ಚಪ್ಪಲಿನಾದ್ರೂ ಕಾಯಿ.”

ನನ್ನ ಸಾಮ್ರಾಜ್ಯದ ಅಡಿಗಲ್ಲು ಅದು. ಮರುದಿನ ನೀನು ನಿನ್ನ ಕಾರ್ಖಾನೆಯಿಂದ ಬೇಡವಾದ ಡಬ್ಬಿ ಮುಚ್ಚಳ ಹೊತ್ತು ತಂದೆ. ಒಂದೊಂದು ಮುಚ್ಚಳದ ಎರಡೂ ಬದಿಗೆ ಮೊಳೆಯಿಂದ ಕುಟ್ಟಿ ಒಂದೇ ನಂಬರು ಹಾಕಿ, ನಡುವೆ ಅಂಕುಡೊಂಕಾಗಿ ಕತ್ತರಿಸಿದೆ. ಅರ್ಧ ತುಂಡು ಚಪ್ಪಲಿಯ ಜೊತೆ ಗೋಡೆಯ ಮೊಳೆಗೆ, ಇನ್ನರ್ಧ ಮಾಲೀಕರ ಕೈಗೆ. “ಒಂದೇ ಮುಚ್ಚಳದ ಎರಡು ತುಂಡು ಒಂದಕ್ಕೊಂದು ಮಾತ್ರ ಕೂಡುತ್ತೆ, ಯಾರೂ ಮೋಸ ಮಾಡೋಕೆ ಆಗಲ್ಲ,” ಎಂದೆ. ಆಮೇಲೆ ಪ್ರತಿಯೊಂದರ ಅಂಚನ್ನೂ ಬಾವಿಕಟ್ಟೆಯ ಕಲ್ಲಿಗೆ ಉಜ್ಜುತ್ತ ಕುಳಿತೆ. ಯಾಕೆ ಇಷ್ಟು ಕಷ್ಟ ಎಂದು ನಾನು ಕೇಳಿದರೆ, “ಚಪ್ಪಲಿ ಕೇಳೋಕೆ ಬಂದೋರ ಬೆರಳು ಕುಯ್ಯಬಾರದಲ್ಲ” ಎಂದೆ. ನೂರಿಪ್ಪತ್ತು ಮುಚ್ಚಳ. ನಿನ್ನ ಹೆಬ್ಬೆರಳಿನ ಚರ್ಮ ಹೋಗಿತ್ತು. ಊರು ನನಗೆ ‘ಟೋಕನ್’ ಎಂದು ಹೆಸರಿಟ್ಟದ್ದು ಆಗಲೇ. ಟೋಕನ್ ಮಾಡಿದವಳಿಗೆ ಯಾವ ಹೆಸರೂ ಬರಲಿಲ್ಲ. ನೋಡು, ಲೆಕ್ಕ ಅಲ್ಲೇ ತಪ್ಪಿತ್ತು.

ಒಂದನೇ ನಂಬರು ನೀನೇ ಇಟ್ಟುಕೊಂಡೆ. ಬೆಳಗ್ಗೆ ಪಾಳಿಗೆ ಮೊದಲು ನೀರಿಗಿಳಿಯಲು ಬರುತ್ತಿದ್ದೆಯಲ್ಲ, ಆಗ ನಾನು “ನಿನಗೆಂಥ ಟೋಕನ್, ಬಿಡಕ್ಕ” ಎಂದರೆ ಕೈ ಚಾಚಿ ನಿಲ್ಲುತ್ತಿದ್ದೆ. “ನನ್ನ ಚಪ್ಪಲಿಗೂ ಹಾಕು. ಮನೆಯೋರು ಅಂತ ಬಿಟ್ಟರೆ ಕಡೆಗೆ ಕಳೆಯೋದು ಮನೆಯೋರದ್ದೇ.” ನಾನು ನಕ್ಕು ಹಾಕಿಕೊಡುತ್ತಿದ್ದೆ. ಆ ಮಾತು ಮೂವತ್ತೇಳು ವರ್ಷ ಆದಮೇಲೆ ನಿಜವಾಗುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಇಲ್ಲ, ನಿನಗೆ ಗೊತ್ತಿತ್ತೇನೋ.

ಚಪ್ಪಲಿಯ ಪಕ್ಕ ಕಾಲು ತೊಳೆಯುವ ನಲ್ಲಿ ಬಂತು, ನಲ್ಲಿಯ ಪಕ್ಕ ಬಾಡಿಗೆ ಟವೆಲು, ಟವೆಲಿನ ಪಕ್ಕ ಬಟ್ಟೆ ಬದಲಾಯಿಸುವ ಕೋಣೆ. ಮಂಜುಗಡ್ಡೆ ಕಾರ್ಖಾನೆ ಮುಚ್ಚಿದಾಗ ಅದರ ಜಾಗ ಕೊಂಡೆ, ಮೇಸ್ತ್ರಿಯ ಕೋಣೆಯನ್ನು ನಾನೇ ನಿಂತು ಒಡೆಸಿದೆ. ಅಲ್ಲಿ ಮೂರಂತಸ್ತಿನ ವಸತಿಗೃಹ ಎದ್ದಿತು. ಆಮೇಲೆ ಗೋದಾಮೂ ನನ್ನದಾಯಿತು. ಓಣಿಯ ಎರಡೂ ಗೋಡೆ ನನ್ನವಾದ ಮೇಲೆ ನಡುವಿನ ಗಾಳಿಯೂ ನನ್ನದೇ ಅನ್ನಿಸತೊಡಗಿತು. ಎರಡೂ ಕಾಗದಪತ್ರದಲ್ಲಿ ಓಣಿ ಇರಲಿಲ್ಲ. ಯಾರ ಕಾಗದದಲ್ಲೂ ಇರಲಿಲ್ಲ. ಎಲ್ಲರೂ ನಡೆಯುತ್ತಾರೆ, ಯಾರೂ ಬರೆಯುವುದಿಲ್ಲ. ರೂಮು ಬುಕ್ ಮಾಡಿಸುವ ಏಜೆಂಟ್ ಬಂದು, “ಸಾರ್, ಸ್ವಂತ ಬೀಚ್ ಅಂತ ಹಾಕಿದ್ರೆ ಬಾಡಿಗೆ ಒಂದೂವರೆ ಪಟ್ಟು” ಎಂದ. ಬೀಚ್ ಯಾರಿಗೂ ಸ್ವಂತವಲ್ಲ, ಉಬ್ಬರದ ಗೆರೆಯಿಂದ ಆಚೆ ಎಲ್ಲ ಸಾರ್ವಜನಿಕ ಎಂದು ನನಗೆ ಗೊತ್ತಿತ್ತು. ನಾನು ಹೊಸ ಜೋಕು ಕಂಡುಕೊಂಡೆ: “ಸಮುದ್ರ ಎಲ್ಲರದ್ದಪ್ಪ, ದಾರಿ ಮಾತ್ರ ನನ್ನದು.” ಹತ್ತು ಜನರ ಮುಂದೆ ಹೇಳಿದೆ. ಒಂಬತ್ತು ಜನ ನಕ್ಕರು. ನಗದವಳು ನೀನು.

ಗೇಟು ಹಾಕಿದ ದಿನ ಆದದ್ದು ಮಾತ್ರ ನನ್ನ ಲೆಕ್ಕದಲ್ಲಿ ಇರಲಿಲ್ಲ, ಅಕ್ಕ, ಇದನ್ನು ನಂಬು. ವೆಲ್ಡರನಿಗೆ ಕೆಲಸ ಮುಗಿದ ಕೂಡಲೇ ಬೀಗ ಹಾಕಿ ಹೋಗು ಎಂದಿದ್ದೆ. ನಾನು ರಿಜಿಸ್ಟ್ರಿ ಆಫೀಸಿನಲ್ಲಿದ್ದೆ. ಅವನು ಹನ್ನೊಂದು ಗಂಟೆಗೆ ಮುಗಿಸಿದ, ಬೀಗ ಹಾಕಿದ, ಹೋದ. ನೀನು ನೀರಿನಲ್ಲಿದ್ದೆ. ಮೊಣಕಾಲಿಗೆ ನೀರಿನ ನಡಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದ ಮೇಲೆ ನೀನು ಅಲ್ಲಿ ತಾಸುಗಟ್ಟಲೆ ಇರುತ್ತಿದ್ದೆಯಲ್ಲ. ಮೇಲೆ ಬಂದು ನೋಡಿದರೆ ಗೇಟು. ಸರಳುಗಳ ಆಚೆ, ಕೈಗೆ ಸಿಗದಷ್ಟು ದೂರದಲ್ಲಿ, ಒಂದನೇ ಮೊಳೆಯಲ್ಲಿ ನಿನ್ನ ಚಪ್ಪಲಿ. ಬಂದರಿನ ಕಡೆಯಿಂದ ಸುತ್ತುಹಾಕಿ ಎರಡು ಕಿಲೋಮೀಟರು ಡಾಂಬರು ರಸ್ತೆಯಲ್ಲಿ ಬರಿಗಾಲಲ್ಲಿ ನಡೆದು ಮನೆ ಸೇರಿದೆ. ಅಂಗಾಲಿನ ಬೊಬ್ಬೆಗೆ ಒಂಬತ್ತು ದಿನ ಮುಲಾಮು ಹಚ್ಚಿದ್ದಾಗಿ ನಿನ್ನ ಮಗಳು ನನಗೆ ಫೋನಿನಲ್ಲಿ ಹೇಳಿದಳು. ಹೇಳಿದ್ದಕ್ಕಿಂತ ಬೈದದ್ದು ಜಾಸ್ತಿ. ಸರಿಯಾಗಿಯೇ ಬೈದಳು, ಮಾತಿನಲ್ಲಿ ಅವಳು ಸೋದರಮಾವನಂತೆಯೇ.

ನಾನು ಏನು ಮಾಡಿದೆ? ನನ್ನ ಹೆಂಡತಿಯ ಕೈಯಲ್ಲಿ ನಿನಗೊಂದು ಕೀ ಕಳಿಸಿದೆ. ಕೆಂಪು ರಿಬ್ಬನ್ ಕಟ್ಟಿದ್ದೆ ಬೇರೆ. ದೊಡ್ಡ ಉಪಕಾರ ಮಾಡಿದವನ ಹಾಗೆ ಎದೆಯುಬ್ಬಿಸಿ ಕಾಯುತ್ತಿದ್ದೆ. ಅವಳು ಕೀ ವಾಪಸ್ ತಂದಳು, ರಿಬ್ಬನ್ ಸಮೇತ. ನೀನು ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. “ಕೀ ಇದ್ರೆ ಅದು ಬಾಗಿಲು ಕಣೆ, ದಾರಿ ಅಲ್ಲ. ಇವತ್ತು ಕೊಟ್ಟೋನು ನಾಳೆ ಇಸ್ಕೊಳ್ತಾನೆ. ಮತ್ತೆ ನಾನೊಬ್ಬಳು ಹೋಗಿ ಅಲ್ಲೇನು ಮಾಡ್ಲಿ? ಓಣಿಲಿ ಕೂತು ಬಲೆ ಹೆಣೆಯೋ ತಾತ ದೋಣಿಗೆ ಎಲ್ಲಿಂದ ಹೋಗ್ತಾನೆ?” ಒಪ್ಪಿಸಿ ಮುಗಿಸಿ ನನ್ನ ಹೆಂಡತಿ ಒಳಗೆ ಹೋದಳು. ಆ ದಿನದ ಸಾರಿಗೆ ಉಪ್ಪು ಹಾಕಿರಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ.

ನಿನ್ನ ಚಪ್ಪಲಿಯನ್ನು ಅಂದೇ ಕಳಿಸಬಹುದಿತ್ತು. ಕಳಿಸಿದರೆ ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತದೆಂದು ಕೌಂಟರಿನ ಕೆಳಗೆ ಇಟ್ಟೆ. ಕಾವಲಿಗೆ ಬಿಟ್ಟ ಚಪ್ಪಲಿಯನ್ನು ನಾನು ವಾಪಸ್ ಕೊಡದೆ ಉಳಿಸಿಕೊಂಡದ್ದು ಇಡೀ ಕಸುಬಿನಲ್ಲಿ ಅದೊಂದೇ ಜೊತೆ.

ಒಂದು ದಿನ ಏಜೆಂಟನನ್ನು ಕರೆದುಕೊಂಡು ನಿನ್ನ ಬೀದಿಯಲ್ಲಿ ಹಾದುಹೋಗುತ್ತಿದ್ದೆ. ಬೇಲಿಯ ಸಂದಿಯಲ್ಲಿ ನಿನ್ನ ಅಂಗಳ ಕಂಡಿತು. ನೀನು ಮೋಡದ ಮೇಲೆ ಕಣ್ಣಿಟ್ಟು ಸ್ಟೂಲಿನ ಮೇಲೆ ಕುಳಿತಿದ್ದೆ. ಎಡಗಾಲು ಪ್ಲಾಸ್ಟಿಕ್ ಬಕೆಟ್ಟಿನಲ್ಲಿತ್ತು. ಪಕ್ಕದಲ್ಲಿ ಕಲ್ಲುಪ್ಪಿನ ಪೊಟ್ಟಣ. ಸಮುದ್ರದ ಸದ್ದು ಅಲ್ಲಿಗೂ ಕೇಳುತ್ತಿತ್ತು. ಏಜೆಂಟ್ ಏನೋ ಕೇಳಿದ, ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವನಿಗೆ ನನ್ನ ಆರೋಗ್ಯದ ಬಗ್ಗೆ ಗಾಬರಿಯಾಯಿತು.

ಅಷ್ಟರಲ್ಲಿ ಊರಿನ ಹೊಸ ನಕ್ಷೆ ಬಂತು. ಕರಾವಳಿಯ ಉದ್ದಕ್ಕೂ ಎಲ್ಲಿ ಕಟ್ಟಬಹುದು, ಎಲ್ಲಿ ಕೂಡದು, ಯಾವ ದಾರಿ ಯಾರದು ಎಂದು ಬಣ್ಣ ಬಣ್ಣದ ಗೆರೆ ಎಳೆದು ಪುರಸಭೆಯ ಗೋಡೆಗೆ ಅಂಟಿಸಿದ್ದರು. ಜನ ಇಪ್ಪತ್ತು ವರ್ಷ ತಡೆಯಿಲ್ಲದೆ ನಡೆದ ದಾರಿಗೆ ಹಸಿರು ಗೆರೆ; ಹಸಿರು ಬಿದ್ದರೆ ಆಮೇಲೆ ಯಾವ ಮಾಲೀಕನೂ ಮುಚ್ಚುವಂತಿಲ್ಲ. ನಮ್ಮ ಓಣಿಯ ಜಾಗ ಖಾಲಿಯಿತ್ತು. ಆಕ್ಷೇಪಣೆಗೆ ಅರವತ್ತು ದಿನ. ಖಾಲಿಯಾಗಿ ಉಳಿದರೆ ಓಣಿ ಶಾಶ್ವತವಾಗಿ ನನ್ನದು. ಐವತ್ತೆಂಟನೇ ದಿನ ಒಂದೇ ಒಂದು ಹಾಳೆಯ ಅರ್ಜಿ ಬಂದಿದೆ ಎಂದು ವಕೀಲರು ಫೋನ್ ಮಾಡಿದರು. “ಯಾರೋ ವಯಸ್ಸಾದ ಹೆಂಗಸು. ಕೈಬರಹ. ಚಿಂತೆ ಬೇಡ.” ನಾನು ಚಿಂತೆ ಮಾಡಿದೆ. ಆ ಕೈಬರಹವೇ ನನ್ನ ಶಾಲೆಯ ಚೀಟಿಗಳಿಗೆಲ್ಲ ಅಪ್ಪನ ಸಹಿ ಹಾಕಿದ್ದು.

ವಿಚಾರಣೆಯ ಹಾಲಿನಲ್ಲಿ ನೀನು ಮೂರನೇ ಸಾಲಿನಲ್ಲಿ ಕುಳಿತಿದ್ದೆ, ನನ್ನ ಕಡೆ ನೋಡಲಿಲ್ಲ. ನಕ್ಷೆಯ ಅಧಿಕಾರಿ ಮೇಡಂ ಚಿಕ್ಕ ವಯಸ್ಸಿನವರು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಎಲ್ಲರ ಮಾತೂ ಕೇಳುತ್ತಿದ್ದರು. ವಕೀಲರು ನನಗೆ ಮೊದಲೇ ಎಚ್ಚರಿಸಿದ್ದರು: “ನೀವು ಮಾತಾಡಬಾರದು. ಹೂಂ, ಊಹೂಂ, ಅಷ್ಟೇ. ಆ ಓಣಿ ಕಾರ್ಖಾನೆಯ ಒಳದಾರಿ, ಜನ ಯಾವತ್ತೂ ನಡೆದಿಲ್ಲ. ಉಳಿದದ್ದು ನನಗೆ ಬಿಡಿ.” ಬಲೆ ಹೆಣೆಯುವ ತಾತ ಎದ್ದು ನಿಂತು, “ನಾವು ಹೋಗ್ತಿದ್ವಿ ತಾಯಿ, ನಮ್ಮಪ್ಪನೂ ಹೋಗ್ತಿದ್ದ” ಎಂದ. “ಯಾವ ತಾರೀಕು? ಏನು ದಾಖಲೆ?” ಎಂದರು ವಕೀಲರು. ತಾತ ತನ್ನ ಅಂಗೈ ನೋಡಿಕೊಂಡ. ಅವನ ಹಿಂದೆ ಬಂದವರೂ ಹಾಗೆಯೇ. ನಡೆದದ್ದಕ್ಕೆ ರಸೀದಿ ಯಾರ ಹತ್ತಿರ ಇರುತ್ತದೆ? ನಾನು ಗೆಲ್ಲುತ್ತಿದ್ದೆ, ಅಕ್ಕ. ಗೆದ್ದೇಬಿಟ್ಟಿದ್ದೆ. ಮೇಡಂ ಪೆನ್ಸಿಲ್ ತೆಗೆದು, “ಇನ್ನು ಯಾರಾದರೂ?” ಎಂದರು.

ನೀನು ಎದ್ದೆ. ಮೇಜು ಹಿಡಿದು ಹಿಡಿದು ಮುಂದೆ ಬಂದೆ. ಸೆರಗಿನ ಗಂಟು ಬಿಚ್ಚಿ ಅರ್ಧ ಮುಚ್ಚಳವನ್ನು ಮೇಡಂ ಮುಂದೆ ಇಟ್ಟೆ.

“ಇದೇನಮ್ಮ?” ಎಂದರು ಅವರು.

“ಅದನ್ನ ನನ್ನ ತಮ್ಮ ಹೇಳ್ತಾನೆ. ಅವನಷ್ಟು ಚೆನ್ನಾಗಿ ನನಗೆ ಹೇಳೋಕೆ ಬರಲ್ಲ,” ಎಂದು ಹೇಳಿ ಅಲ್ಲೇ ಕುರ್ಚಿಯಲ್ಲಿ ಕುಳಿತೆ.

ನೀನು ನನ್ನನ್ನು ಎಷ್ಟು ಬಲ್ಲೆ ಎಂಬುದು ನನಗೆ ಅವತ್ತು ತಿಳಿಯಿತು. ಹಸಿದವನ ಮುಂದೆ ತಟ್ಟೆ ಇಟ್ಟ ಹಾಗೆ. ನಾನು ಹೇಗೆ ಮೇಲೆ ಬಂದೆ ಎಂದು ಹೇಳು ಎಂದು ಯಾರಾದರೂ ನನ್ನನ್ನು ಕೇಳಿ, ನಾನು ಹೇಳದೆ ಬಿಟ್ಟದ್ದು ಉಂಟೇ? ಎದ್ದೆ, ಗಂಟಲು ಸರಿಪಡಿಸಿಕೊಂಡೆ, ಶುರುಮಾಡಿದೆ. ಮೇಸ್ತ್ರಿಯಿಂದ ಶುರುಮಾಡಿದೆ. ಮುಚ್ಚಳಕ್ಕೆ ಬಂದೆ. ರಜದ ದಿನ ನಾನೂರ ಹನ್ನೆರಡು ಜೊತೆ ಕಾದದ್ದು, ಮೊಳೆ ಸಾಲದೆ ಬಲೆಯ ಹಗ್ಗಕ್ಕೆ ಕಟ್ಟಿದ್ದು, ಕಣ್ಣು ಕಾಣದ ಮೇಷ್ಟ್ರು ವಾಸನೆಯಿಂದಲೇ ತಮ್ಮ ಚಪ್ಪಲಿ ಗುರುತು ಹಿಡಿದದ್ದು. “ಈ ಊರಲ್ಲಿ ಆ ಓಣಿ ತುಳಿಯದ ಕಾಲೇ ಇಲ್ಲ ಮೇಡಂ,” ಎಂದೆ. ಇಡೀ ಸಭೆ ನಗುತ್ತಿತ್ತು. ಅವರು ಮೆತ್ತಗೆ ಕೇಳಿದರು, “ಎಷ್ಟು ವರ್ಷದಿಂದ?” “ಮೂವತ್ತೆಂಟು.” “ನಡುವೆ ಯಾವತ್ತಾದರೂ ಮುಚ್ಚಿತ್ತಾ?” “ಗೇಟು ಬರೋ ತನಕ ಒಂದೇ ಒಂದು ದಿನ ಇಲ್ಲ. ಬಿರುಗಾಳಿ ಬಂದು ಛಾವಣಿ ಹಾರಿದ ದಿನವೂ ನಾನು ಅಂಗಡಿ ತೆಗೆದಿದ್ದೆ,” ಎಂದು ಎದೆ ತಟ್ಟಿಕೊಂಡೆ. ಪೆನ್ಸಿಲ್ ಓಡುತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದನ್ನು ಸರಕಾರಿ ದಾಖಲೆಯಲ್ಲಿ ಸೇರಿಸಿದವನು ನಾನೊಬ್ಬನೇ ಇರಬೇಕು.

ಊರೆಲ್ಲ ಈಗ ಹೇಳುವುದು ಇಷ್ಟೇ: ಟೋಕನ್ ಮಾತಿನ ಮಲ್ಲ, ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡ. ನಾನೂ ಅದನ್ನೇ ಹೇಳಿ ಅವರ ಜೊತೆ ನಗುತ್ತೇನೆ. ನಿನಗೊಬ್ಬಳಿಗೆ ನಿಜ ಹೇಳುತ್ತೇನೆ. ವಕೀಲರು ಮೇಜಿನ ಕೆಳಗೆ ನನ್ನ ಕಾಲು ತುಳಿದದ್ದು ಐದನೇ ನಿಮಿಷಕ್ಕೆ. ನನಗೆ ಆಗಲೇ ಅರ್ಥವಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಏನಾದರೂ ಹೇಳಿ ಉಳಿಸಿಕೊಳ್ಳಬಹುದಿತ್ತು. ಮಾತು ತಿರುಗಿಸುವುದು ನನಗೆ ಯಾರೂ ಕಲಿಸಬೇಕಿಲ್ಲ. ಆದರೆ ಆಗ ನಾನು ನೀನು ಮುಚ್ಚಳ ಉಜ್ಜಿದ ಭಾಗಕ್ಕೆ ಬಂದಿದ್ದೆ. ನಿನ್ನ ಹೆಬ್ಬೆರಳಿನ ಕಥೆ. ಆ ಭಾಗವನ್ನು ನಾನು ಅಷ್ಟು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ, ನನ್ನ ಏಳಿಗೆಯ ಕಥೆಯಲ್ಲಿ ನೀನು ಯಾವತ್ತೂ ಬರುತ್ತಲೇ ಇರಲಿಲ್ಲ. ಹೇಳುತ್ತಾ ನಿನ್ನ ಕಡೆ ನೋಡಿದೆ. ವರ್ಷದ ಮೇಲೆ ಮೊದಲ ಸಲ ನೀನು ನನ್ನನ್ನು ನೋಡುತ್ತಿದ್ದೆ. ಅದಕ್ಕೇ ಇನ್ನೂ ಇಪ್ಪತ್ತು ನಿಮಿಷ ಮಾತಾಡಿದೆ. ಮೊದಲ ಐದು ನಿಮಿಷ ನಾಲಿಗೆಯ ದಡ್ಡತನ. ಉಳಿದದ್ದಕ್ಕೆ ನಾನು ಜವಾಬ್ದಾರ.

ಆದೇಶ ಬಂದ ಮೇಲೆ ವೆಲ್ಡರನನ್ನು ಕರೆಸಿದೆ. “ಹಾಕೋದಕ್ಕಿಂತ ಕೀಳೋದು ಕಷ್ಟ ಸಾರ್. ಗಟ್ಟಿಯಾಗಿ ಹಾಕು ಅಂದೋರು ನೀವೇ,” ಎಂದು ಹೆಚ್ಚಿಗೆ ಕೇಳಿದ. ಕೊಟ್ಟೆ. ಗೇಟು ಬಿದ್ದು ಇಂದಿಗೆ ಮೂರು ದಿನ. ಊರೆಲ್ಲ ಬಂತು. ಬಲೆ ತಾತ ನನ್ನ ಗೋಡೆಯ ನೆರಳಲ್ಲಿ ಮೊದಲಿನ ಜಾಗದಲ್ಲೇ ಕುಳಿತು, “ಏನಪ್ಪ ಟೋಕನ್, ಗೋಡೆ ನಿಂದೇ ತಾನೇ? ಒರಗಬಹುದಾ?” ಎಂದು ಕೇಳಿ ಹಲ್ಲಿಲ್ಲದ ಬಾಯಲ್ಲಿ ನಕ್ಕ. ಮೂರು ದಿನವೂ ಬೆಳಗ್ಗೆ ಆರಕ್ಕೆ ಓಣಿಯ ಬಾಯಲ್ಲಿ ಕುಳಿತಿದ್ದೆ. ನೀನು ಬರಲಿಲ್ಲ. ಮೊಣಕಾಲಿನ ನೋವೆಂದು ನಿನ್ನ ಮಗಳು ಹೇಳಿದಳು. ಮೊಣಕಾಲಿನದಷ್ಟೇ ಅಲ್ಲವೆಂದು ನನಗೆ ಗೊತ್ತು. ಹಸಿರು ಗೆರೆ ಎಳೆದದ್ದು ಸರಕಾರ. ನಾನು ಇನ್ನೂ ಏನೂ ಹೇಳಿಲ್ಲ.

ತಪ್ಪಾಯಿತು, ಅಕ್ಕ. ಗೇಟು ಹಾಕಿದ್ದು ತಪ್ಪು. ನೀನು ಒಳಗಿದ್ದೀಯಾ ಎಂದು ನೋಡದೆ ಹಾಕಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ಚಪ್ಪಲಿ ಇಟ್ಟುಕೊಂಡದ್ದಕ್ಕೆ ಕ್ಷಮೆ ಕೇಳಲೂ ನಾಚಿಕೆಯಾಗುತ್ತದೆ. ಇಷ್ಟು ಬರೆಯಲು ಎರಡು ಹಾಳೆ ಹರಿದೆ, ಅದನ್ನೂ ಖರ್ಚಿಗೆ ಸೇರಿಸಿಕೋ.

ಇನ್ನೊಂದು ಸಂಗತಿ. ನೀನು ಮೇಜಿನ ಮೇಲೆ ಬಿಟ್ಟುಬಂದ ಅರ್ಧ ಮುಚ್ಚಳವನ್ನು ಮೇಡಂ ಆದೇಶದ ಪ್ರತಿಯ ಜೊತೆ ನನಗೇ ಕಳಿಸಿದ್ದಾರೆ. ನಮ್ಮ ಕಸುಬಿನಲ್ಲಿ ಎರಡೂ ಅರ್ಧ ಕಾವಲುಗಾರನ ಹತ್ತಿರ ಸೇರಿದರೆ ಅರ್ಥ ಒಂದೇ: ಚಪ್ಪಲಿ ಮಾಲೀಕರಿಗೆ ತಲುಪಿದೆ. ತಲುಪಿಲ್ಲವಲ್ಲ. ಸುಳ್ಳು ಲೆಕ್ಕ ಇಟ್ಟುಕೊಂಡು ನನಗೆ ನಿದ್ದೆ ಬರುವುದಿಲ್ಲ. ನಿನ್ನ ಅರ್ಧವನ್ನು ಈ ಕಾಗದದೊಳಗೆ ಮಡಿಸಿ ಇಟ್ಟಿದ್ದೇನೆ. ತೆಗೆಯುವಾಗ ಭಯ ಬೇಡ, ಅಂಚು ಈಗಲೂ ನುಣುಪಾಗಿದೆ. ಎಡಗಾಲಿನ ಚಪ್ಪಲಿಯ ಬಾರು ಕಿತ್ತುಹೋಗಿತ್ತು, ಹೊಲಿಸಿ ಜೊತೆಯನ್ನು ಮತ್ತೆ ಒಂದನೇ ಮೊಳೆಗೆ ತೂಗುಹಾಕಿದ್ದೇನೆ.

ಕಡೆಯ ಲೆಕ್ಕ ಇಷ್ಟು. ವೆಲ್ಡರನಿಗೆ ಎರಡು ಕೂಲಿ ಸಿಕ್ಕಿತು. ವಕೀಲರಿಗೆ ಫೀಸು ಸಿಕ್ಕಿತು, ಜೊತೆಗೆ ಬೇರೆ ವಕೀಲರಿಗೆ ಹೇಳಿ ನಗಿಸಲು ಒಬ್ಬ ಕಕ್ಷಿದಾರ. ಮೇಡಂ ನಕ್ಷೆಗೆ ನೂರಾ ಹತ್ತು ಹೆಜ್ಜೆಯ ಹಸಿರು ಗೆರೆ. ತಾತನಿಗೆ ಒರಗಲು ಗೋಡೆ, ಅವನ ದೋಣಿಗೆ ಹತ್ತಿರದ ದಾರಿ. ಕೋಳಿಗಳಿಗೆ ಮಳೆ ಸೋರದ ಮಾಡು. ನನ್ನ ರೂಮುಗಳ ಬಾಡಿಗೆ ಮೊದಲಿನಷ್ಟೇ. ಹೆಂಡತಿಯ ಸಾರಿಗೆ ಉಪ್ಪು ವಾಪಸ್ ಬಂತು, ಅದು ಲಾಭ. ನಿನಗೆ ಸಮುದ್ರ ಸಿಕ್ಕಿತು, ಅದು ನಾನು ಕೊಟ್ಟದ್ದಲ್ಲ. ನನಗೇನು ಸಿಕ್ಕಿತೆಂಬುದು ಇನ್ನೂ ಗೊತ್ತಿಲ್ಲ, ಒಂದನೇ ಮೊಳೆ ಖಾಲಿಯಾದ ದಿನ ಬರೆದುಕೊಳ್ಳುತ್ತೇನೆ.

ನಿನ್ನ ಮೊಣಕಾಲಿಗೆ ಅಲೆ ಮೆತ್ತಗಿರಲಿ, ಅಂಗಾಲಿಗೆ ಮರಳು ತಣ್ಣಗಿರಲಿ. ಆರು ಗಂಟೆಗೆ ಓಣಿಯ ಬಾಯಲ್ಲೇ ಇರುತ್ತೇನೆ. ಬಾಯಿ ಮುಚ್ಚಿಕೊಂಡಿರುತ್ತೇನೆ.

ಚಪ್ಪಲಿ ಕಾಯುತ್ತಾ,
ನಿನ್ನ ತಮ್ಮ
ಟೋಕನ್